ಐವತ್ತು ಹೆಜ್ಜೆ ಉಳಿದ ನದಿ

ವಿಶಾಖಪಟ್ಟಣ
ಜೂನ್ 9, 2025

ಅಮ್ಮನಿಗೆ, ಎರಡೂ ಪಾದದ ಬೊಬ್ಬೆಗಳ ಸಮೇತ ನಿನ್ನ ಬಿಂದುವಿನ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಅಪ್ಪ ಮಧ್ಯೆ ಬಾಯಿ ಹಾಕುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಎರಡು ನದಿಗಳು ಹುಟ್ಟುವ ಜಾಗವನ್ನೂ ಮುಟ್ಟಿ ಬಂದೆ ಅಂತ ನಿನ್ನೆ ಅವರು ನಿನಗೆ ಹೇಳಿದರಲ್ಲ, ಅದು ಸುಳ್ಳು. ಒಂದನ್ನು ಮಾತ್ರ ಮುಟ್ಟಿದೆ.

ನಮ್ಮ ಪಂದ್ಯ ನೆನಪಿದೆ. ಎರಡನ್ನೂ ಮುಟ್ಟಿದರೆ ನೀನು ಇನ್ನೆಂದೂ ಕಾಲೇಜಿನ ಮಾತೆತ್ತುವುದಿಲ್ಲ. ಇಲ್ಲದಿದ್ದರೆ ನಾನು ವಿಜಯವಾಡಕ್ಕೆ ಬಂದು, ಅರ್ಧಕ್ಕೆ ಬಿಟ್ಟ ಇಂಟರ್‌ಮೀಡಿಯೆಟ್ ಮತ್ತೆ ಓದಬೇಕು.

ಮಾಡುಗುಲ ಬೆಟ್ಟದ ಮೇಲೆ ನಾವು ಹೋದ ಕಡೆ ಮರವೇ ಇಲ್ಲ. ಹುಲ್ಲುಬಯಲು, ಮಂಜು, ಕಾಲು ನುಂಗುವ ಕೆಸರು. ದಾರಿ ತೋರಿಸಿದ್ದು ಅಲ್ಲೇ ದನ ಮೇಯಿಸುವ ಈಶ್ವರಯ್ಯ. ದನ ತುಳಿದ ಕಡೆಯೇ ಹೆಜ್ಜೆ ಇಡಿ ಅಂದರು. ಇಂಜಿನಿಯರ್ ಆಗಿ ದನದ ಹಿಂದೆ ಹೋಗುವುದೇ ಅಂತ ಅಪ್ಪ ಅಡ್ಡದಾರಿ ಹಿಡಿದು ತೊಡೆಯ ತನಕ ಹೂತುಹೋದರು. ಎಡಗಾಲಿನ ಶೂ ಅಲ್ಲೇ ಇದೆ. ಇದನ್ನು ನಿನಗೆ ಹೇಳಬೇಡ ಅಂದಿದ್ದಾರೆ.

ಶಾರದಾ ನದಿ ಬಂಡೆಯ ಸಂದಿನಿಂದ ನಲ್ಲಿ ನೀರಿನಷ್ಟೇ ಸಣ್ಣಗೆ ಹೊರಡುತ್ತದೆ. ಬೊಗಸೆಯಲ್ಲಿ ಕುಡಿದೆ, ಹಲ್ಲು ಜುಮ್ಮೆಂದಿತು. ಅಲ್ಲಿಂದ ಮೂರು ಗಂಟೆ ನಡೆದ ಮೇಲೆ ಮಾಚ್‌ಕುಂಡ್ ನದಿಯ ಒರತೆ ಕಂಡಿತು. ಈಶ್ವರಯ್ಯ ಚಪ್ಪಲಿ ಬಿಟ್ಟು ನಿಂತುಬಿಟ್ಟರು. ಬಿತ್ತನೆಯ ಪೂಜೆ ಆಗುವ ತನಕ ಅವರ ಊರಲ್ಲಿ ಆ ನೀರನ್ನು ಯಾರೂ ಮುಟ್ಟುವುದಿಲ್ಲವಂತೆ. ಪೂಜೆ ಗುರುವಾರ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ನೀನು ನೋಡಬೇಕು ಅಂದೆ, ಮುಟ್ಟಬೇಕು ಅನ್ನಲಿಲ್ಲವಲ್ಲ ಅಮ್ಮಾಯಿ ಅಂದರು.

ಐವತ್ತು ಹೆಜ್ಜೆ ಉಳಿದಿತ್ತು. ಇಷ್ಟು ಹತ್ತಿರ ಬಂದರೆ ಮುಟ್ಟಿದ ಹಾಗೆಯೇ, ಅಮ್ಮನಿಗೇನು ಗೊತ್ತಾಗುತ್ತೆ ಅಂದರು ಅಪ್ಪ. ನನಗೆ ಗೊತ್ತಿರುತ್ತಲ್ಲ ಅಂದೆ. ಇಳಿಯುವಾಗ ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು. ನಾನು ಹೊರಟರೆ ಕ್ವಾರ್ಟರ್ಸಿನಲ್ಲಿ ಅವರೊಬ್ಬರೇ. ಅದಕ್ಕೇ ಆ ಸುಳ್ಳು. ಬೈಯಬೇಡ.

ಸೋತಿದ್ದೇನೆ. ಭಾನುವಾರದ ರೈಲಿಗೆ ಬರುತ್ತೇನೆ. ಬೆಂಜ್ ಸರ್ಕಲ್ ಹತ್ತಿರದ ನಿನ್ನ ಒಂದೇ ಕೋಣೆಯಲ್ಲಿ ನನಗೂ ಜಾಗ ಮಾಡು. ನೀನು ಆಸ್ಪತ್ರೆಯ ಡ್ಯೂಟಿಗೆ ಹೋದಾಗ ಓದುತ್ತೇನೆ. ಪಾಸಾಗುತ್ತೇನೆ ಅಂತ ಮಾತ್ರ ಮಾತು ಕೊಡುವುದಿಲ್ಲ.

ನಿನ್ನ
ಬಿಂದುಶ್ರೀ

ತಾ.ಕ.: ಒಂದು ವಿಷಯ ಬಿಟ್ಟಿದ್ದೆ. ನನ್ನ ಮುಖ ನೋಡಿ ಈಶ್ವರಯ್ಯನವರಿಗೆ ಕನಿಕರ ಬಂದು, ಹೋಗಿ ಮುಟ್ಟಿ ಬಾ, ನಾನು ಆ ಕಡೆ ತಿರುಗಿರುತ್ತೇನೆ ಅಂದಿದ್ದರು. ತಿರುಗಿಯೂ ನಿಂತರು. ನಾನೇ ಹೋಗಲಿಲ್ಲ. ಅವರ ಪೂಜೆಗಾಗಿ ಅಂತ ಹೇಳಿದರೆ ಅರ್ಧ ನಿಜ. ನಿನ್ನ ಪಕ್ಕದಲ್ಲಿ ಮಲಗಿ ನಾಲ್ಕು ವರ್ಷವಾಯಿತು ಅಂತ ಅಲ್ಲಿ ನಿಂತಾಗ ನೆನಪಾಯಿತು.