ಲೇತಿನ ಮುಳ್ಳು ಎಂಟು ಗೆರೆ ಅಲ್ಲಾಡಿದ ಬಾಬ್ತು

ಪಾಂಡವಪುರ
11-8-2025, ಸೋಮವಾರ

ಪ್ರೀತಿಯ ಮಗಳು ರಂಜಿತಳಿಗೆ,

ನಾಡಿನ ಸಮಸ್ತರಿಗೂ, ವಿಶೇಷವಾಗಿ ನಿನಗೂ, ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಹಿತ್ತಲ ಕೋಣೆಯಲ್ಲಿ ಗೇಣುದ್ದದ ಉಕ್ಕಿನ ಸರಳೊಂದು ಅಲ್ಲಾಡದೆ ತಿರುಗಿತು. ಭೂಮಿಯೂ ತಿರುಗುತ್ತದೆ, ನಿಜ. ಆದರೆ ಅದು ಓರೆಯಾಗಿ ತಿರುಗುತ್ತದೆಂದು ನೀನೇ ಐದನೇ ಕ್ಲಾಸಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ನಮ್ಮ ಸರಳು ನೆಟ್ಟಗೆ ತಿರುಗಿತು. ಬ್ಯಾನರ್ ಕಟ್ಟಿಸಿಲ್ಲ, ಪಟಾಕಿ ಹೊಡೆಸಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಸಂಭ್ರಮದಲ್ಲಿ ಕ್ಷೇಮ ಕೇಳುವುದೇ ಮರೆತುಹೋಯಿತು. ನೆಗಡಿ ಬಿಟ್ಟಿತೆ? ಹೊಸೂರಿನ ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆ ಏನಾದರೂ ಕಾಣಿಸಿಕೊಂಡಿತೆ? ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ ಸಿಕ್ಕಿತೆ? ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿರುವಾಗ ಅಪ್ಪನಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಈ ಮನೆಗಿರುವುದು ಒಂದೇ ಫೋನು. ಅದು ಸ್ಪೀಕರಿನಲ್ಲಿ ಬಿಟ್ಟು ಬೇರೆ ಹೇಗೂ ಮಾತಾಡಿದ್ದಿಲ್ಲ, ಅದರ ವಾಟ್ಸಾಪನ್ನು ನಿನ್ನಮ್ಮ ನನಗಿಂತ ಮುಂಚೆ ಓದುತ್ತಾಳೆ. ಈ ಪತ್ರವನ್ನೂ ಪಿ.ಎಫ್. ಆಫೀಸಿಗೆ ಅರ್ಜಿ ಎಂದು ಹೇಳಿ ಬರೆಯುತ್ತಿದ್ದೇನೆ. ಅವಳು ಹತ್ತಿರ ಬಂದಾಗಲೆಲ್ಲ ಮುಖದಲ್ಲಿ ಕಷ್ಟ ತಂದುಕೊಳ್ಳುತ್ತೇನೆ.

ಮೂವತ್ತೊಂದು ವರ್ಷ ವೇ ಬ್ರಿಡ್ಜಿನಲ್ಲಿ ಕೂತು ಕಬ್ಬಿನ ಲಾರಿ ತೂಗಿದವನು ನಾನು. ಅಲ್ಲಿ ಹತ್ತು ಕೆಜಿಗಿಂತ ಸಣ್ಣದು ಲೋಕದಲ್ಲಿ ಇರಲೇ ಇಲ್ಲ. ಅಂಥವನು ರಿಟೈರಾದಾಗ ನೀನು ನಿನ್ನ ಮೊದಲ ಸಂಬಳ ಕೂಡಿಟ್ಟು ಸರಳು ತಿರುಗಿಸಿ ಕಡೆಯುವ ಪುಟಾಣಿ ಲೇತ್ ಮಿಷನ್ನು ಕಳಿಸಿದೆ, ಜೊತೆಗೆ ತಿರುಗುವ ಸರಳು ಎಷ್ಟು ಓಲಾಡುತ್ತದೆಂದು ಮಿಲಿಮೀಟರನ್ನು ನೂರು ಪಾಲು ಮಾಡಿ ತೋರಿಸುವ ಡಯಲ್ ಗೇಜನ್ನೂ ಇಟ್ಟೆ. ‘ಮುಳ್ಳು ಮೂರು ನಾಲ್ಕು ಗೆರೆ ಅಲ್ಲಾಡಿದರೆ ಪರವಾಗಿಲ್ಲ ಅಪ್ಪಾ, ಹೆಚ್ಚಾದರೆ ಹೇಳು’ ಅಂದೆ. ಎಂಟು ಗೆರೆ ಅಲ್ಲಾಡಿತು. ಕಾಲಿನ ಕೆಳಗೆ ತಗಡಿನ ಚೂರು ಕೊಟ್ಟು ಮಟ್ಟ ಮಾಡಿದೆ, ಎಂಟು. ಜಾರುವ ಭಾಗಗಳ ಪಕ್ಕದ ತಿರುಪುಗಳನ್ನು ಒಂದು ದಿನ ಬಿಗಿಮಾಡಿ, ಇನ್ನೊಂದು ದಿನ ಸಡಿಲಮಾಡಿ, ಮೂರನೆಯ ದಿನ ಅವುಗಳ ಕ್ಷಮೆ ಕೇಳಿದೆ, ಎಂಟೇ. ಟ್ರಾಕ್ಟರು ರಿಪೇರಿಯ ಚಿಕ್ಕಸ್ವಾಮಿ ಬಂದು, ಮೂರು ಲೋಟ ಟೀ ಕುಡಿದು, ‘ಅಣ್ಣೋ, ಇದು ಮಿಷನ್ ಅಲ್ಲ ಕಣಣ್ಣೋ, ಮಿಕ್ಸಿ. ಚಟ್ನಿ ರುಬ್ಕೋ, ಇಲ್ಲಾ ವಾಪಸ್ ಕಳಿಸ್ಬುಡು’ ಎಂದು ತೀರ್ಪು ಕೊಟ್ಟ. ನಾನು ನಿನಗೆ ಫೋನು ಮಾಡಿದೆ. ಬರುವ ಸೋಮವಾರ, ಹದಿನೆಂಟನೇ ತಾರೀಖು, ಬಂದು ಹೊತ್ತುಕೊಂಡು ಹೋಗುವಂತೆ ನೀನು ಕಂಪನಿಯವರಿಗೆ ಬುಕ್ ಮಾಡಿದೆ. ಇಷ್ಟು ನಿನಗೂ ಗೊತ್ತು.

ಗೊತ್ತಿಲ್ಲದ್ದು ನಿನ್ನಮ್ಮನ ಸಂಗತಿ. ಪಾರ್ಸೆಲ್ಲು ಬಂದದ್ದು ಆಷಾಢದ ಕೊನೆಯ ಮಂಗಳವಾರ. ಮೂರು ದಿನ ತಡೆದರೆ ಶ್ರಾವಣ, ಆಮೇಲೆ ಪೂಜೆ ಮಾಡೋಣ ಎಂದಳು ಯಶೋದೆ. ನನಗೆ ಅರವತ್ತು ತುಂಬಿದೆ, ಮೂರು ದಿನ ತಡೆಯುವ ವಯಸ್ಸಲ್ಲ. ಕಾಡಿ ಬೇಡಿ ಅವತ್ತೇ ಪೂಜೆ ಮಾಡಿಸಿದೆ. ಮುಳ್ಳು ಅಲ್ಲಾಡತೊಡಗಿದ ದಿನದಿಂದ ಅವಳದು ಒಂದೇ ಮಾತು: ‘ನೀವ್ ಗಂಡಸ್ರು, ನಿಮಗೇನ್ ಗೊತ್ತಾದದು. ನಾನಾದ್ರೂ ತಡೀಬೇಕಿತ್ತು ಕಣ್ರೀ. ಮಗ್ಳು ಮೊದಲ್ನೇ ಸಂಬಳದಲ್ಲಿ ಕೊಡ್ಸಿದ್ದು, ನನ್ ಕೈಯಿಂದ್ಲೇ ಕೆಟ್ಟೋಯ್ತು.’ ಶ್ರಾವಣ ಶನಿವಾರದ ಒಪ್ಪತ್ತಿನ ಜೊತೆಗೆ ಈ ಸಲ ಸೋಮವಾರದ್ದನ್ನೂ ಸೇರಿಸಿಕೊಂಡಳು. ಒಂದು ಮಿಷನ್ನಿಗಾಗಿ ಉಪವಾಸ ಕೂತ ಹೆಂಗಸು ತಾಲ್ಲೂಕಿನಲ್ಲಿ ಇವಳೊಬ್ಬಳೇ ಇರಬೇಕು. ನಾನು ಗೇಲಿ ಮಾಡಿದೆ. ಅವಳು ನಗಲಿಲ್ಲ. ಆಗ ನನಗೂ ಊಟ ಅಷ್ಟಾಗಿ ಸೇರಲಿಲ್ಲ.

ಇವತ್ತು ಅವಳು ಡೈರಿಗೆ ಹಾಲು ಹಾಕಲು ಹೋದಾಗ ಮಿಷನ್ನನ್ನು ಡಬ್ಬಕ್ಕೆ ತುಂಬೋಣವೆಂದು ಹೊರಟೆ. ಚಕ್ಕು, ಅಂದರೆ ಸರಳನ್ನು ಮೂರು ಹಲ್ಲಿನಲ್ಲಿ ಕಚ್ಚಿಕೊಂಡು ತಿರುಗುವ ಗುಂಡನೆಯ ಭಾಗ, ಬೇರೆ ಇಡಬೇಕೆಂದು ಬಿಚ್ಚಿದೆ. ಅದು ಕೂರುವ ಜಾಗದಲ್ಲಿ ಅರಿಸಿನದ ಮೇಲೆ ಕುಂಕುಮದ ಬೊಟ್ಟು, ಒಣಗಿ, ಅಪ್ಪಚ್ಚಿಯಾಗಿ, ಗಾರೆಯ ಹಾಗೆ ಕಚ್ಚಿ ಕೂತಿತ್ತು. ಪೂಜೆಯ ದಿನ ಚಕ್ಕು ಇನ್ನೂ ಹಾಕಿರಲಿಲ್ಲ. ‘ಇದರ ಎದೆ ಎಲ್ಲೈತೆ ತೋರ್ಸಿ’ ಎಂದು ಅವಳು ಕೇಳಿದ್ದಳು. ನಾನು ದೊಡ್ಡ ಇಂಜಿನಿಯರಿನಂತೆ ಸರಿಯಾಗಿ ಅದೇ ಜಾಗ ತೋರಿಸಿದ್ದೆ. ಆಮೇಲೆ ಚಕ್ಕು ಕೂರಿಸುವಾಗ ಬೊಟ್ಟು ಕಂಡಿತ್ತು. ಒರೆಸಲು ಬಟ್ಟೆಯನ್ನೂ ತೆಗೆದುಕೊಂಡಿದ್ದೆ. ಮುತ್ತೈದೆ ಇಟ್ಟ ಕುಂಕುಮ, ಕೈ ಬರಲಿಲ್ಲ. ಅದರ ಮೇಲೆಯೇ ಕೂರಿಸಿ ಬಿಗಿದುಬಿಟ್ಟೆ. ಬೊಟ್ಟಿನ ದಪ್ಪಕ್ಕೆ ಚಕ್ಕು ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಲಾರಿಯಡಿ ಬೊಟ್ಟು ಯಾವ ಲೆಕ್ಕ ಎಂಬ ಬುದ್ಧಿ ಎಲ್ಲಿ ಹೋಗುತ್ತದೆ!

ಸೀಮೆಎಣ್ಣೆಯಲ್ಲಿ ಒರೆಸಿ, ಮತ್ತೆ ಬಿಗಿದು, ಗೇಜು ಹಿಡಿದೆ. ಮುಳ್ಳು ಮೂರು ಗೆರೆ ಅಲ್ಲಾಡಿ ಸುಮ್ಮನಾಯಿತು. ಕೆಂಪಾದ ಬಟ್ಟೆಯನ್ನು ನೀರೊಲೆಗೆ ಹಾಕಿದೆ.

ಅವಳು ಕ್ಯಾನು ಹಿಡಿದು ಬಂದವಳೇ ಬಾಗಿಲಲ್ಲಿ ನಿಂತಳು. ತಿರುಗುವ ಮಿಷನ್ನಿನ ಗಡಗಡ ಸದ್ದು ನಿಂತಿದ್ದು ಅವಳಿಗೇ ಮೊದಲು ಗೊತ್ತಾಯಿತು. ‘ಏನ್ ಮಾಡುದ್ರಿ?’ ಅಂದಳು. ಬೋಲ್ಟು ಸಡಿಲ ಇತ್ತು, ಬಿಗಿ ಮಾಡಿದೆ ಅಂದೆ. ‘ಮೂರ್ ವಾರದಿಂದ ಒಂದ್ ಬೋಲ್ಟು ಕಾಣ್ನಿಲ್ವಾ ನಿಮ್ ಕಣ್ಗೆ? ನನ್ನ ಉಪಾಸ ಕೆಡವಿದ್ರಲ್ರೀ! ಅಂಗಾದ್ರೆ ಪೂಜೇಲೇನೂ ತಪ್ಪಿರ್ಲಿಲ್ಲ ಅನ್ನಿ.’ ಏನೂ ಇರಲಿಲ್ಲ ಅಂದೆ. ಸೋಮವಾರದ್ದು ಇಲ್ಲಿಗೆ ಸಾಕು ಎಂದು ಐದು ಇಡ್ಲಿ ತಿಂದಳು. ಈಗ ಬೀದಿಯಲ್ಲಿ ನಿಂತು, ಗಂಡನ ಕಣ್ಣು ಪರೀಕ್ಷೆ ಮಾಡಿಸಬೇಕೆಂದು ಎದುರುಮನೆಯವರಿಗೆ ಹೇಳುತ್ತಿದ್ದಾಳೆ. ಇಷ್ಟು ಗೆಲುವಾಗಿ ಅವಳು ನನ್ನನ್ನು ಬಯ್ದು ಮೂರು ವಾರವಾಗಿತ್ತು.

ಹೊತ್ತು ಹೊತ್ತಿಗೆ ಉಣ್ಣು, ತಲೆಗೆ ಎಣ್ಣೆ ಹಚ್ಚು, ನೂರು ವರ್ಷ ಬಾಳು.

ಇಂತಿ ನಿನ್ನ ಅಪ್ಪ,
ಚಲುವಯ್ಯ

ಮರೆತ ಮಾತು: ಅಂಚೆ ಕಚೇರಿ ಬಾಗಿಲು ಹಾಕುವ ಹೊತ್ತು. ಬುಕಿಂಗು ನಿನ್ನ ಫೋನಿನಲ್ಲಿದೆ, ಸೋಮವಾರದೊಳಗೆ ರದ್ದು ಮಾಡು. ಕಾರಣ ಕೇಳಿದರೆ ‘ಗ್ರಾಹಕರ ತಪ್ಪು’ ಎಂದು ಹಾಕು. ಕುಂಕುಮದ ಹೆಸರು ಎಲ್ಲೂ ಬರಕೂಡದು. ಆಮೇಲೆ ಮನೆಗೆ ಫೋನು ಮಾಡಿ, ಬೋಲ್ಟು ಬಿಗಿ ಮಾಡದ ಅಪ್ಪನನ್ನು ಗಟ್ಟಿಯಾಗಿ ಎರಡು ನಿಮಿಷ ಬಯ್ಯಿ. ನಿನ್ನಮ್ಮ ಪಕ್ಕದಲ್ಲೇ ಇರುತ್ತಾಳೆ, ನಡುವೆ ನಕ್ಕುಬಿಡಬೇಡ.