ಒಂಬತ್ತು ಚೀಟಿ ಕಡಿಮೆ

ಮೇ 6, ಮಂಗಳವಾರ
‘ಕೀಪ್’ ಅನ್ನುವ ಇಂಗ್ಲಿಷ್ ಪದ ಮೂರನೇ ಸಲ ವಾಪಸ್ ಬಂದಿದೆ. ತಿಳಿಸಿದ್ದು ಟೀಚರ್. ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ನಿಘಂಟಿನಲ್ಲಿ ಮಲಯಾಳಂ ಕಾಲಂ ಅವರದು, ಕನ್ನಡ ಕಾಲಂ ನನ್ನದು. ಅವರಿಗೆ ಗಂಡಸರೆಲ್ಲ ‘ಮಾಷ್’, ಅಂದರೆ ಮೇಷ್ಟ್ರು.
“ಮಾಷೇ, ನಿಮ್ಮ ಮಗಳು ಮತ್ತೆ ತವರಿಗೆ ಬಂದಳು,” ಅಂತ ‘ಕೀಪ್’ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇಟ್ಟರು.
214 ಚೀಟಿ, ಒಂದೊಂದರಲ್ಲೂ ಒಂದು ಇಂಗ್ಲಿಷ್ ವಾಕ್ಯ. ಹದಿನೇಳು ಅರ್ಥ. ಹದಿನಾರು ಪಾಸಾಗಿವೆ.
ಇಲ್ಲಿನ ಪದ್ಧತಿ—ಪೆಟ್ಟಿಗೆ ತೆರೆದವನೇ ಮುಚ್ಚಬೇಕು. ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಮುಚ್ಚದೆ ಬಿಡುಗಡೆ ಪತ್ರ ಇಲ್ಲ. ಪತ್ರ ಇಲ್ಲದೆ ಹೆಂಡತಿಯ ಊರಿನ ಶಾಲೆ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. 28ರವರೆಗೆ ಕಾಯುತ್ತಾರಂತೆ.

ಮೇ 8
ಮಾತು ‘ಕೀಪ್’ ಮಾಡುವುದು—ಪಾಲಿಸು, ಮಲಯಾಳಂ ಪಾಲಿಕ್ಕುಕ. ಕೋಳಿ ‘ಕೀಪ್’ ಮಾಡುವುದು—ಸಾಕು, ವಳರ್ತುಕ. ಜೋಪಾನ ಮಾಡುವುದಕ್ಕೆ ಸೂಕ್ಷಿಕ್ಕುಕ. ಇವೆಲ್ಲ ಸಲೀಸು. ಹದಿನೇಳನೆಯದು ಹಾಲು. ಸೆಕೆಗೆ ಹಾಲು ‘ಕೀಪ್’ ಆಗುವುದಿಲ್ಲ ಅನ್ನುವ ಅರ್ಥ. ಕನ್ನಡದಲ್ಲಿ ‘ಕೆಡದಿರು’ ಬರೆದೆ. ಟೀಚರ್ ಅದನ್ನೇ ಮಲಯಾಳಂನಲ್ಲಿ ‘ಕೇಡಾಕಾತಿರಿಕ್ಕುಕ’ ಅಂತ ಬರೆದರು.
ದೊಡ್ಡವರು—ಪ್ರಧಾನ ಸಂಪಾದಕರು—ಎರಡನ್ನೂ ಹೊಡೆದು ಹಾಕಿದರು. “ಇಲ್ಲ ಅನ್ನೋ ಪದ ಬೇಡ. ಇದೆ ಅನ್ನೋ ಪದ ತನ್ನಿ.”
ಹೊರಗೆ ಬಂದು ಟೀಚರ್: “ಇವರ ಮನೇಲಿ ಹಾಲು ಏನು ಮಾಡುತ್ತಂತೆ, ಕೇಳಿ ಮಾಷೇ.”
ನಕ್ಕೆ. ಆಮೇಲೆ ನಗು ಬರಲಿಲ್ಲ.

ಮೇ 19
ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಅದೇ ಕುರ್ಚಿ, ಅದೇ ಕಿಟಕಿ—ಬಣ್ಣ ಬಳಿದಾಗ ಅಂಟಿಕೊಂಡಿದ್ದು, ಇವತ್ತಿಗೂ ತೆರೆಯುವುದಿಲ್ಲ. ಹದಿನೇಳನೆಯದು ಇನ್ನೆರಡು ಸಲ ವಾಪಸ್.
ಹೆಂಡತಿ ಫೋನು. “ಮಗು ಕವುಚಿಕೊಳ್ತಾ ಇದೆ. ನೀವು ಬರೋ ಹೊತ್ತಿಗೆ ನಿಮ್ಮನ್ನ ಕರೆದುಕೊಂಡು ಬರೋಕೆ ಅದೇ ಬಸ್ ಸ್ಟ್ಯಾಂಡಿಗೆ ಬರುತ್ತೆ ಬಿಡಿ.”
ಹುಟ್ಟಿದಾಗ ಮೂರು ದಿನ ನೋಡಿದ್ದು. ಅಷ್ಟೇ.

ಮೇ 20
ಮಾಡಿಬಿಟ್ಟೆ. ಹಾಲಿನ ಒಂಬತ್ತು ಚೀಟಿ ಊಟದ ಡಬ್ಬಿಯೊಳಗೆ ಮನೆಗೆ ಬಂದವು. ‘ಕೀಪ್’ಗೆ ಈಗ ಹದಿನಾರೇ ಅರ್ಥ. ಅರ್ಥಗಳ ಹಾಳೆ ಹೊಸದಾಗಿ ಬರೆದು ಒಪ್ಪಿಸಿದೆ.

ಮೇ 23, ಶುಕ್ರವಾರ
ಪಾಸು! ಬಿಡುಗಡೆ ಪತ್ರ ಕೈಯಲ್ಲಿದೆ. ಸೋಮವಾರ ಬೆಳಿಗ್ಗೆ 9.40ರ ಬಸ್ಸಿಗೆ ಟಿಕೆಟ್ ತೆಗೆದೆ.
ದೊಡ್ಡವರು ಹಾಳೆ ಓದಲೇ ಇಲ್ಲ. ಟೀಚರ್ ಸಹಿ ಇದೆಯಾ ಅಂತ ಮಾತ್ರ ನೋಡಿದರು. ಪೆಟ್ಟಿಗೆ ಮುಚ್ಚುವಾಗ ಚೀಟಿ ಎಣಿಸಿ ಸಹಿ ಹಾಕುವುದು ಟೀಚರ್ ಕೆಲಸ.
ಸಂಜೆ ಟೀಚರ್ ಮೆಟ್ಟಿಲ ಹತ್ತಿರ ನಿಂತಿದ್ದರು.
“ಇನ್ನೂರೈದು ಇತ್ತು ಮಾಷೇ. ಎರಡು ಸಲ ಎಣಿಸಿದೆ.”
“ಮತ್ತೆ... ಸಹಿ?”
“ಇನ್ನೂರ ಹದಿನಾಲ್ಕು ಅಂತ ಬರೆದೆ. ಕೂಸಿನ ಮುಖ ನೋಡಿ ಹೋಗಿ. ನನಗೆ ಕಣ್ಣು ಮಂಜು, ಎಣಿಕೆ ತಪ್ಪಿತು ಅಂದರಾಯಿತು.”

ಮೇ 24
ಅಂದರಾಗುವುದಿಲ್ಲ. ಹೋದ ವರ್ಷ ಎರಡು ಚೀಟಿ ಕಡಿಮೆ ಬಿದ್ದಿದ್ದಕ್ಕೆ ಸಹಿ ಹಾಕಿದವರನ್ನು ಕೆಲಸದಿಂದ ಕಳಿಸಿದರು. ಶೀರ್ಷಿಕೆ ಪುಟದಿಂದ ಹೆಸರೂ ಹೋಯಿತು. ಟೀಚರ್ ಹನ್ನೊಂದು ವರ್ಷದಿಂದ ಆ ಪುಟಕ್ಕಾಗಿ ಕಾಯುತ್ತಿದ್ದಾರೆ. ಮೊಮ್ಮಗಳಿಗೆ ತೋರಿಸಬೇಕಂತೆ.
ಸೋಮವಾರ 10ಕ್ಕೆ ಮುದ್ರಣಾಲಯದವರು ಬಂದು ಚೀಟಿ ಎಣಿಸಿಕೊಂಡು ಹೋಗುತ್ತಾರೆ. ಚೀಟಿ ಸುಮ್ಮನೆ ಒಳಗೆ ಸೇರಿಸಿದರೂ ಆಗದು—ಹಾಳೆಯಲ್ಲಿ ಅರ್ಥ ಇಲ್ಲದ ಚೀಟಿ ಸಿಕ್ಕರೆ ಪೆಟ್ಟಿಗೆ ಮತ್ತೆ ತೆರೆಯುತ್ತಾರೆ. ತೆರೆದರೆ ನನ್ನ ಪತ್ರ ರದ್ದು.

ಮೇ 25, ಭಾನುವಾರ, ಮಧ್ಯಾಹ್ನ 3
ಹೆಂಡತಿಗೆ ಎಲ್ಲ ಹೇಳಿದೆ.
“ಒಂಬತ್ತು ಚೀಟಿಗಾ?”
“ಒಂಬತ್ತು.”
“ಇಪ್ಪತ್ತೆಂಟಕ್ಕೆ ಬೇರೆಯವರನ್ನ ತಗೊಳ್ತಾರೆ, ಗೊತ್ತಲ್ಲ?”
“ಗೊತ್ತು.”
“ಆ ಟೀಚರಿಗೆ ಎಷ್ಟು ವಯಸ್ಸು?”
“ಎಪ್ಪತ್ತೊಂದು.”
“ಮಗು ಎದ್ದಿದೆ. ಇಡ್ತೀನಿ.” ಇಡಲಿಲ್ಲ. ಅದರ ಅಳು ಕೇಳಿಸುತ್ತಾ ಇತ್ತು. ನಂತರ ಇಟ್ಟಳು.

ಸಂಜೆ 6
ಊಟದ ಡಬ್ಬಿಯಿಂದ ಚೀಟಿ ತೆಗೆದು ಒರೆಸಿದೆ. ಒಂದಕ್ಕೆ ಎಣ್ಣೆ ಮೆತ್ತಿದೆ. ಅಕ್ಷರ ಓದಬಹುದು. ನಾಳೆ ಚೀಟಿಗಳ ಜೊತೆಗೇ ವಾಪಸ್ ಕೊಡಲು ಬಿಡುಗಡೆ ಪತ್ರವನ್ನೂ ಅದೇ ಡಬ್ಬಿಗೆ ಮಡಚಿ ಹಾಕಿದೆ. ಟೀಚರಿಗೆ ಮೊದಲೇ ಹೇಳುವುದಿಲ್ಲ, ಬೈದು ಬಸ್ ಹತ್ತಿಸುತ್ತಾರೆ.
ಕಚೇರಿ ಬಾಗಿಲು 9.30ಕ್ಕೆ. ಎಣಿಕೆ 10ಕ್ಕೆ. ಬಸ್ 9.40ಕ್ಕೆ...