ಭಾನುವಾರದಿಂದಲೇ ರಾಜ

ತಮ್ಮ ಪಿಯರ್ಸ್,

ಹಳೆಯ ರಾಜನ ಪರವಾಗಿ ಕಾದಾಡಿ ನೀನು ಸತ್ತು ಮೂರು ತಿಂಗಳಾಯಿತು. ಹೊಸ ರಾಜರ ಸಿಂಹಾಸನ ಇನ್ನು ಅಲುಗುವುದಿಲ್ಲ. ಅದಕ್ಕೆ ಬೆಣೆ ಹೊಡೆದವರಲ್ಲಿ ನಿನ್ನಣ್ಣನೂ ಒಬ್ಬ. ಇವತ್ತು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸಂಸತ್ತಿನ ಶಾಸನವನ್ನು ಚರ್ಮದ ಹಾಳೆಗೆ ಇಳಿಸಿದ್ದು ನಾನೇ.

ಹಿರಿಯ ಗುಮಾಸ್ತ ಆಂಬ್ರೋಸ್ ಕರಡು ಓದುತ್ತಿದ್ದರು. ಹೊಸ ರಾಜರ ಆಳ್ವಿಕೆ ನೀನು ಸತ್ತ ಯುದ್ಧದ ಹಿಂದಿನ ದಿನವೇ ಶುರುವಾಯಿತೆಂದು ಅದರಲ್ಲಿತ್ತು. ನಾನು ಲೇಖನಿ ಎತ್ತಿದೆ.

“ಯುದ್ಧ ನಡೆದಿದ್ದು ಸೋಮವಾರ ಅಲ್ವಾ ಸ್ವಾಮಿ? ಭಾನುವಾರ ಹಳೇ ರಾಜರೇ ಇದ್ರಲ್ಲ.”

“ಇದ್ರು, ಯಾರು ಇಲ್ಲ ಅಂದ್ರು? ಆದ್ರೆ ಭಾನುವಾರಾನೇ ಇವರು ರಾಜರಾಗಿದ್ರೆ, ಸೋಮವಾರ ಎದುರು ನಿಂತೋರೆಲ್ಲ ದ್ರೋಹಿಗಳು. ಅವರ ಜಮೀನೆಲ್ಲ ಅರಮನೆಗೆ ಬರುತ್ತೆ. ಆಮೇಲೆ ಅವರ ಮಕ್ಕಳು ಯಾವ ದುಡ್ಡಲ್ಲಿ ದಂಡು ಕಟ್ತಾರೆ? ಬರಿಯಪ್ಪ, ನಿನ್ನ ಅಕ್ಷರ ದುಂಡಗಿದೆ.”

ಬರೆದೆ. ಜನವರಿಯಲ್ಲಿ ರಾಜರು ಎದುರಾಳಿ ಮನೆತನದ ಹುಡುಗಿಯನ್ನೇ ಮದುವೆಯಾಗುತ್ತಾರೆ. ಮೂವತ್ತು ವರ್ಷ ಕಡಿದಾಡಿದ ಎರಡು ಮನೆಗಳ ಜಗಳ ಒಂದು ತೊಟ್ಟಿಲಿನಲ್ಲಿ ಮುಗಿಯುತ್ತದೆ. ಇದು ಗಟ್ಟಿ ಕೆಲಸ, ಪಿಯರ್ಸ್. ನನಗೆ ಅನುಮಾನವಿಲ್ಲ.

ದ್ರೋಹಿಗಳ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ನಿನ್ನದು. ಅದನ್ನೂ ದುಂಡಗೆ ಬರೆದೆ, ಒಂದು ತೊಟ್ಟು ಶಾಯಿಯೂ ಚೆಲ್ಲಲಿಲ್ಲ.

ಆ ಭಾನುವಾರ ಬೆಳಿಗ್ಗೆ ನೀನು ಮನೆಯಲ್ಲೇ ಇದ್ದೆ. ಗೋಧಿ ಕೊಯ್ಲು ಮುಗಿದಿಲ್ಲ, ದಂಡಿಗೆ ಹೋಗುವುದಿಲ್ಲ ಎಂದು ಬೆಂಚಿನ ಮೇಲೆ ಕೂತುಬಿಟ್ಟಿದ್ದೆ.

“ರಾಜರು ಕರೆದಾಗ ಹೋಗ್ದೇ ಇರೋನು ದ್ರೋಹಿ ಕಣೋ” ಎಂದು ನಿನ್ನ ಕುದುರೆಗೆ ಜೀನು ಬಿಗಿದವನು ನಾನು.